ಮೂರೂವರೆ ನಿಮಿಷದ ಅಪರಾಧ

ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್ 2017ರ ಆಗಸ್ಟ್‌ನಲ್ಲಿ ‘ಟು ದ ಬೋನ್’ ಎಂಬ ಆಲ್ಬಂ ಹೊರತಂದಾಗ ಅವರ ಹಳೆಯ ಅಭಿಮಾನಿಗಳಲ್ಲಿ ಒಂದು ಪಾಲು ಮುನಿಸಿಕೊಂಡಿತು. ಮುನಿಸಿಗೆ ಮುಖ್ಯ ಕಾರಣ ‘ಪರ್ಮನೇಟಿಂಗ್’ ಎಂಬ ಒಂದೇ ಹಾಡು. ಪಿಯಾನೋ ಕುಣಿಯುತ್ತ ಶುರುವಾಗಿ, ಎಪ್ಪತ್ತರ ದಶಕದ ಅಬ್ಬಾ ಗುಂಪಿನ ಗುಂಗಿನಲ್ಲಿ ಸಾಗಿ, ಕೇಳುವವರ ಕಾಲು ತಾನಾಗಿ ತಾಳ ಹಾಕುವಂತೆ ಮಾಡಿ ಮೂರೂವರೆ ನಿಮಿಷಕ್ಕೆ ಮುಗಿದುಬಿಡುವ ಹಾಡು ಅದು. ಮರುವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಇದೇ ಹಾಡಿಗೆ ವಿಲ್ಸನ್ ಬಾಲಿವುಡ್ ಶೈಲಿಯ ನರ್ತಕಿಯರನ್ನು ವೇದಿಕೆಗೆ ಕರೆಸಿ, ಮುನಿದವರ ಗಾಯಕ್ಕೆ ಇನ್ನಷ್ಟು ಉಪ್ಪು ಸವರಿದರು. ಹಾಡು ಹಿಡಿಸದೆ ಹೋದರೆ ಅದು ಅವರವರ ರುಚಿ, ತಕರಾರಿಲ್ಲ. ಆದರೆ ಮುನಿಸಿನ ಹಿಂದೆ ಇದ್ದದ್ದು ಬರೀ ರುಚಿಯಲ್ಲ, ಒಂದು ಸಿದ್ಧಾಂತ: ಪ್ರಾಗ್ರೆಸಿವ್ ರಾಕ್ ಕಲಾವಿದ ಗುನುಗಬಹುದಾದ ಚಿಕ್ಕ ಹಾಡು ಬರೆದನೆಂದರೆ ಅವನು ಸೋತಿದ್ದಾನೆ, ಇಲ್ಲವೇ ಮಾರಿಕೊಂಡಿದ್ದಾನೆ. ಐವತ್ತು ವರ್ಷಗಳಿಂದ ಈ ಮಾತು ಚಲಾವಣೆಯಲ್ಲಿದೆ. ಈ ಪ್ರಕಾರದ ಇತಿಹಾಸವನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಆ ಮಾತು ನಿಲ್ಲುವುದಿಲ್ಲ ಎನ್ನುವುದು ನನ್ನ ವಾದ. ಹಾಡಿನ ಕಡೆ ತಿರುಗಿದವರಲ್ಲಿ ಮುಖ್ಯರಾದವರೆಲ್ಲ ತಮ್ಮ ಕಸುಬಿನ ಕಷ್ಟದ ತುದಿಗೇ ಹೋದವರು, ಸುಲಭದ ದಾರಿ ಹಿಡಿದವರಲ್ಲ.

ಪ್ರಾಗ್ರೆಸಿವ್ ರಾಕ್, ಅಭಿಮಾನಿಗಳ ಬಾಯಲ್ಲಿ ‘ಪ್ರಾಗ್’, ಅರವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಗಿಟಾರ್, ಡ್ರಮ್ಸ್‌ಗಳ ರಾಕ್ ಸಂಗೀತಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಟ್ಟಡ, ಜಾಝ್‌ನ ಸ್ವಾತಂತ್ರ್ಯ, ಮೆಲೋಟ್ರಾನ್, ಸಿಂಥಸೈಜರ್‌ಗಳ ಹೊಸ ನಾದ ಎಲ್ಲವನ್ನೂ ಸೇರಿಸಿ ಇಪ್ಪತ್ತು ನಿಮಿಷಗಳ ದೀರ್ಘ ಕೃತಿಗಳನ್ನು ಕಟ್ಟಿದ ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್, ಜೆಥ್ರೊ ಟಲ್, ಎಮರ್ಸನ್ ಲೇಕ್ ಅಂಡ್ ಪಾಮರ್ ಮುಂತಾದ ಗುಂಪುಗಳು ಇದರ ಹಿರಿಯರು. ಪಿಂಕ್ ಫ್ಲಾಯ್ಡ್ ಈ ಪಟ್ಟಿಯಲ್ಲಿ ಇರಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದು ಇಲ್ಲಿ ಬೇಡ. ಹೊರಗಿನವರಿಗೆ ಈ ಸಂಗೀತದ ಗುರುತು ಎಂದರೆ ಉದ್ದ. ಒಳಗಿನವರಲ್ಲೂ ಅನೇಕರಿಗೆ ಅದೇ ಗುರುತು. ಆದರೆ ಹುಟ್ಟಿನ ಹೊತ್ತಿನ ಸಾಕ್ಷ್ಯ ಬೇರೆ ಕಥೆ ಹೇಳುತ್ತದೆ. ಈ ಪ್ರಕಾರದ ಮೊದಲ ಪೂರ್ಣ ಕೃತಿ ಎಂದು ಹೆಚ್ಚಿನವರು ಒಪ್ಪುವ ಕಿಂಗ್ ಕ್ರಿಮ್ಸನ್ ಗುಂಪಿನ 1969ರ ಆಲ್ಬಮ್ಮಿನಲ್ಲಿ ಸಿಡಿಲಿನಂಥ ಮೊದಲ ಹಾಡು ಮುಗಿದೊಡನೆ ಬರುವುದು ಕೊಳಲಿನ ಜೊತೆ ಮೆಲ್ಲಗೆ ಹಾಡುವ ಒಂದು ಸರಳ ಗೀತೆ. ಆ ಗುಂಪಿನಲ್ಲಿ ಯಾವ ವಾದ್ಯವನ್ನೂ ನುಡಿಸದ, ಪದ ಬರೆಯುವುದೇ ಮುಖ್ಯ ಕೆಲಸವಾಗಿದ್ದ ಒಬ್ಬ ಸದಸ್ಯ ಇದ್ದರು: ಪೀಟರ್ ಸಿನ್‌ಫೀಲ್ಡ್. ಪದಗಳಿಗೆ ಒಬ್ಬ ಪೂರ್ಣಾವಧಿ ಕವಿಯನ್ನು ಇಟ್ಟುಕೊಂಡ ಗುಂಪು ಹಾಡನ್ನು ಕಡೆಗಣಿಸಿತ್ತು ಎನ್ನಲು ಬರುವುದಿಲ್ಲ. ಇದೇ ಸಿನ್‌ಫೀಲ್ಡ್ ಮುಂದೆ ಬಕ್ಸ್ ಫಿಝ್ ಎಂಬ ಅಪ್ಪಟ ಪಾಪ್ ತಂಡಕ್ಕೆ ಬರೆದ ಹಾಡು 1982ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಸೆಲಿನ್ ಡಿಯಾನ್‌ಗಾಗಿ ಅವರು ಸಹಲೇಖಕರಾಗಿ ಬರೆದ ಹಾಡು 1995ರಲ್ಲಿ ಅದೇ ಸ್ಥಾನ ಪಡೆಯಿತು. ಕ್ರಿಮ್ಸನ್‌ನ ಗಾಯಕ ಗ್ರೆಗ್ ಲೇಕ್, ಎಮರ್ಸನ್ ಮತ್ತು ಪಾಮರ್ ಜೊತೆ ಸೇರಿದ ಮೇಲೆ, 1970ರ ಮೊದಲ ಆಲ್ಬಮ್ಮಿಗೆ ಕೊಟ್ಟದ್ದು ತಾನು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಕಟ್ಟಿದ ‘ಲಕ್ಕಿ ಮ್ಯಾನ್’ ಎಂಬ ಹಾಡನ್ನು. ಆ ಹಾಡಿನ ಕೊನೆಯಲ್ಲಿ ಕೀತ್ ಎಮರ್ಸನ್ ನುಡಿಸಿದ ಮೂಗ್ ಸಿಂಥಸೈಜರ್ ಇಂದಿಗೂ ಆ ವಾದ್ಯದ ಚರಿತ್ರೆಯ ಒಂದು ಮೈಲಿಗಲ್ಲು. ಹುಡುಗನೊಬ್ಬನ ಸಾದಾ ಹಾಡೇ ಹೊಸ ನಾದಕ್ಕೆ ನೆಲ ಕೊಟ್ಟಿತು ಎನ್ನುವುದನ್ನು ಗಮನಿಸಬೇಕು.

ಇನ್ನು ಆ ಇಪ್ಪತ್ತು ನಿಮಿಷ ಎಲ್ಲಿಂದ ಬಂತು? ಮಾರುಕಟ್ಟೆಯ ಮೂರು ನಿಮಿಷದ ಸಂಕೋಲೆಯನ್ನು ಕಲಾವಿದರು ಮುರಿದರು ಎಂಬುದು ರೂಢಿಯ ಉತ್ತರ. ಅರ್ಧ ಸತ್ಯ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಟ್ಟೆಯನ್ನು ಮಾರುಕಟ್ಟೆಗೆ ತಂದಾಗ ಅದರ ಒಂದು ಬದಿಯಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಹಿಡಿಯುತ್ತಿದ್ದುದು ಇಪ್ಪತ್ತು ಚಿಲ್ಲರೆ ನಿಮಿಷ. ಈಗ ಈ ಪ್ರಕಾರದ ಮಹಾಕೃತಿಗಳ ಅಳತೆ ನೋಡಿ: ಯೆಸ್ ಗುಂಪಿನ ‘ಕ್ಲೋಸ್ ಟು ದಿ ಎಡ್ಜ್’ ಹತ್ತೊಂಬತ್ತು ನಿಮಿಷಕ್ಕೆ ಹತ್ತಿರ, ರಷ್ ಗುಂಪಿನ ‘2112’ ಇಪ್ಪತ್ತು ನಿಮಿಷ ದಾಟಿ, ಜೆನೆಸಿಸ್‌ನ ‘ಸಪ್ಪರ್ಸ್ ರೆಡಿ’ ಮತ್ತು ಫ್ಲಾಯ್ಡ್‌ನ ‘ಎಕೋಸ್’ ಇಪ್ಪತ್ಮೂರರ ಆಸುಪಾಸು. ತಟ್ಟೆಯ ಬದಿ ಎಷ್ಟೋ ಕೃತಿಯೂ ಅಷ್ಟೇ. ಒಂದು ಯಂತ್ರದ ಮಿತಿಯಿಂದ ತಪ್ಪಿಸಿಕೊಂಡವರು ಇನ್ನೊಂದು ಯಂತ್ರದ ಮಿತಿಗೆ ತಮ್ಮನ್ನು ಹೊಂದಿಸಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಮಿತಿಯನ್ನು ಮುಕ್ತಿ ಎಂದು ಕರೆಯುವುದು ಸರಿಯಲ್ಲ. ಮಿತಿಗೆ ತಕ್ಕಂತೆ ಸಂಗೀತವನ್ನು ಹಿಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಯೆಸ್ ಗುಂಪೇ ಸಾಕ್ಷಿ. ಗಾಯಕ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ನಾಲ್ಕು ವರ್ಗಗಳ ಕುರಿತ ಒಂದು ಅಡಿಟಿಪ್ಪಣಿ ಓದಿ ಪ್ರೇರಿತರಾದರು. ಅದರ ಫಲವೇ 1973ರ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’: ಎರಡು ತಟ್ಟೆ, ನಾಲ್ಕು ಬದಿ, ನಾಲ್ಕೇ ಕೃತಿ. ಒಂದು ತಟ್ಟೆಗೆ ಹೆಚ್ಚು, ಎರಡಕ್ಕೆ ಕಡಿಮೆ ಎನ್ನುವಷ್ಟು ಸರಕಿತ್ತು, ಆದ್ದರಿಂದ ತುಂಬಿಸಬೇಕಾಯಿತು ಎಂದು ಗುಂಪಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಆಮೇಲೆ ಹಲವು ಸಲ ಹೇಳಿದ್ದಾರೆ. ಮ್ಯಾಂಚೆಸ್ಟರ್‌ನ ಕಛೇರಿಯಲ್ಲಿ ಬೇಸರ ತಾಳಲಾರದೆ ವೇದಿಕೆಯ ಮೇಲೇ ಕುಳಿತು ಭಾರತೀಯ ಕರ್ರಿ ತಿಂದರಂತೆ. ಮರುವರ್ಷ ಗುಂಪನ್ನೇ ಬಿಟ್ಟರು. ಶಾಸ್ತ್ರದಿಂದ ಶುರುವಾಗಿ ಊಟದಲ್ಲಿ ಮುಗಿದ ಈ ಪ್ರಸಂಗಕ್ಕಿಂತಲೂ ಮಜವಾದದ್ದು ಜೆಥ್ರೊ ಟಲ್‌ನ ‘ಥಿಕ್ ಆಸ್ ಎ ಬ್ರಿಕ್’. ಎರಡೂ ಬದಿ ಸೇರಿ ನಲವತ್ತು ನಿಮಿಷಕ್ಕೂ ಹೆಚ್ಚಿನ ಒಂದೇ ಹಾಡು ಅದು. ಹಿಂದಿನ ಆಲ್ಬಮ್ಮನ್ನು ವಿಮರ್ಶಕರು ಗಂಭೀರವಾದ ‘ಕಾನ್ಸೆಪ್ಟ್ ಆಲ್ಬಂ’ ಎಂದು ಕರೆದದ್ದಕ್ಕೆ ಗುಂಪಿನ ನಾಯಕ ಇಯಾನ್ ಆಂಡರ್ಸನ್ ಮಾಡಿದ ಅಣಕ. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ ಆ ಅಣಕವನ್ನು ಇಂದಿಗೂ ಕೆಲವರು ಉದ್ದದ ಪಾವಿತ್ರ್ಯಕ್ಕೆ ಪುರಾವೆಯಾಗಿ ತೋರಿಸುತ್ತಾರೆ.

ತಟ್ಟೆ ಚಿಕ್ಕದಾದರೆ ಸಂಗೀತವೂ ಚಿಕ್ಕದಾಗುತ್ತದೆ ಎಂಬ ಭಯವನ್ನು ನಮ್ಮ ನಾಡಿನವರು ಬೇಗ ಒಪ್ಪಬಾರದು. ಗದಗದ ಹುಡುಗ ಭೀಮಸೇನ ಜೋಶಿಯನ್ನು ಮನೆ ಬಿಟ್ಟು ಗುರುವನ್ನು ಅರಸಿ ಹೋಗುವಂತೆ ಮಾಡಿದ್ದು ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ. ಅಂದಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷ ಮಾತ್ರ. ಅಷ್ಟರಲ್ಲೇ ಖಾನ್ ಸಾಹೇಬರು ವಸಂತ ರಾಗವನ್ನು ಕಣ್ಣೆದುರು ತಂದು ನಿಲ್ಲಿಸಿಬಿಟ್ಟಿದ್ದರು. ಗಂಟೆಗಟ್ಟಲೆ ಹಾಡಬಲ್ಲವರಿಗೇ ಆ ಮೂರು ನಿಮಿಷ ಸಾಧ್ಯವಾಗುವುದು ಎಂಬ ಅಂಶವೂ ಇಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ.

ಸೋತು ಚಿಕ್ಕದಾದರು ಎಂಬ ಆರೋಪಕ್ಕೆ ನೇರವಾದ ಉತ್ತರ ಕೆನಡಾದ ರಷ್ ಗುಂಪಿನಿಂದ ಸಿಗುತ್ತದೆ. 1975ರ ಅವರ ಒಂದು ಆಲ್ಬಂ ನೆಲಕಚ್ಚಿತು. ಚಿಕ್ಕ ಹಾಡು ಕೊಡಿ, ರೇಡಿಯೋದಲ್ಲಿ ಬರುವಂಥದ್ದು ಕೊಡಿ ಎಂದು ಕಂಪನಿ ಒತ್ತಾಯಿಸಿತು. ಮೂವರೂ ಹಟ ಹಿಡಿದು ಮರುವರ್ಷ ‘2112’ ಕೊಟ್ಟರು. ಒಂದು ಬದಿಯ ತುಂಬ ಒಂದೇ ಕೃತಿ. ಅದು ಗೆದ್ದಿತು. ಆ ಗೆಲುವಿನ ನಂತರ ಕಂಪನಿ ಅವರ ಸಂಗೀತದ ಗೊಡವೆಗೆ ಹೋಗಲಿಲ್ಲ. 1978ರ ‘ಹೆಮಿಸ್ಫಿಯರ್ಸ್’ ಹೊತ್ತಿಗೆ ಅವರು ಹದಿನೆಂಟು ನಿಮಿಷದ ಒಂದು ಕೃತಿ, ಒಂಬತ್ತೂವರೆ ನಿಮಿಷದ ಒಂದು ವಾದ್ಯಕೃತಿ, ಇವುಗಳ ನಡುವೆ ಎರಡು ಸಣ್ಣ ಹಾಡು ಎಂಬ ಹಂತ ಮುಟ್ಟಿದ್ದರು. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ನಡೆದ ಆ ಧ್ವನಿಮುದ್ರಣ ಮೂವರನ್ನೂ ಹಿಂಡಿಹಾಕಿತು. ಸಂಗೀತವನ್ನೆಲ್ಲ ನುಡಿಸಿ ಮುಗಿಸಿದ ಮೇಲೆ, ಹಾಡಲು ಹೋದ ಗೆಡ್ಡಿ ಲೀಗೆ ತನ್ನ ಕಂಠಕ್ಕೆ ನಿಲುಕದಷ್ಟು ಮೇಲಿನ ಶ್ರುತಿಯಲ್ಲಿ ಬರೆದುಕೊಂಡಿದ್ದೇವೆ ಎಂದು ತಿಳಿದುಬಂತು. ಹಾಡುವವನ ಗಂಟಲನ್ನು ಕೊನೆಗೆ ನೆನಪಿಸಿಕೊಳ್ಳುವ ಕ್ರಮದಲ್ಲೇ ದೀರ್ಘಕೃತಿಯ ಒಂದು ದೌರ್ಬಲ್ಯ ಬಯಲಾಯಿತು. ಆಮೇಲೆ ಅವರು ತಾವಾಗಿ ದಿಕ್ಕು ಬದಲಿಸಿದರು. 1980ರ ಜನವರಿಯಲ್ಲಿ ಬಂದ ‘ಪರ್ಮನೆಂಟ್ ವೇವ್ಸ್’ ಮತ್ತು ಮರುವರ್ಷದ ‘ಮೂವಿಂಗ್ ಪಿಕ್ಚರ್ಸ್’ ನಾಲ್ಕೈದು ನಿಮಿಷದ ಹಾಡುಗಳ ಮೇಲೆ ನಿಂತವು. ಕಂಪನಿ ಕೇಳಿದಾಗ ಒಲ್ಲೆ ಎಂದವರು, ಯಾರೂ ಕೇಳದಿದ್ದಾಗ ಮಾಡಿದರು. ಇದನ್ನು ಶರಣಾಗತಿ ಎನ್ನುವುದು ಹೇಗೆ? ಅವರ ಅತ್ಯಂತ ಪ್ರಸಿದ್ಧ ಹಾಡು ‘ಟಾಮ್ ಸಾಯರ್’ ನಾಲ್ಕೂವರೆ ನಿಮಿಷದ್ದು. ಅದರ ನಡುವಿನ ವಾದ್ಯಭಾಗ ಏಳರ ಎಣಿಕೆಗೆ ಹೊರಳುತ್ತದೆ, ಮತ್ತೆ ನಾಲ್ಕಕ್ಕೆ ಮರಳುತ್ತದೆ; ಕ್ರೀಡಾಂಗಣದಲ್ಲಿ ಕೂಗುತ್ತ ಹಾಡುವ ಸಾವಿರಾರು ಮಂದಿಗೆ ತಾಳ ಬದಲಾದದ್ದೇ ಗೊತ್ತಾಗುವುದಿಲ್ಲ. ‘ಲೈಮ್‌ಲೈಟ್’ನಲ್ಲಿ ಲೆಕ್ಕ ಒಂದೆರಡು ಸಾಲಿಗೊಮ್ಮೆ ಮಗ್ಗುಲು ಬದಲಿಸುತ್ತದೆ. ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳನ್ನು ಮೋರ್ಸ್ ಕೋಡ್‌ನಲ್ಲಿ ಬಡಿದು ಅದನ್ನೇ ಲಯವಾಗಿಸಿದ ವಾದ್ಯಕೃತಿಯೂ ಅದೇ ಆಲ್ಬಮ್ಮಿನಲ್ಲಿದೆ, ಅದೂ ನಾಲ್ಕೂವರೆ ನಿಮಿಷದೊಳಗೆ. ಹದಿನೆಂಟು ನಿಮಿಷದಲ್ಲಿ ಹರಡಿಕೊಂಡಿದ್ದ ವಿದ್ಯೆ ಇಲ್ಲಿ ಕರಗಿಹೋಗಲಿಲ್ಲ, ಕಾಯಿಸಿದ ಹಾಲಿನಂತೆ ಗಟ್ಟಿಯಾಯಿತು.

ಜೆನೆಸಿಸ್ ಕಥೆ ಇದಕ್ಕಿಂತ ಜಟಿಲ, ಏಕೆಂದರೆ ಅಲ್ಲಿ ಆರೋಪಕ್ಕೆ ಒಂದಿಷ್ಟು ಹುರುಳಿದೆ. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್, 1977ರಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಹೊರನಡೆದ ಮೇಲೆ ಉಳಿದ ಮೂವರು ನಿಧಾನವಾಗಿ ಪಾಪ್ ಕಡೆ ವಾಲಿದರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರ ಕೆಲವು ಹಾಡುಗಳಲ್ಲಿ ಹಳೆಯ ಜೆನೆಸಿಸ್ ಹುಡುಕಿದರೂ ಸಿಗುವುದಿಲ್ಲ ಎಂದರೆ ನಾನೂ ಒಪ್ಪುತ್ತೇನೆ. ಆದರೆ ತಿರುವಿನ ಹಂತದ ಆಲ್ಬಂ, 1980ರ ‘ಡ್ಯೂಕ್’, ಹೇಗೆ ತಯಾರಾಯಿತು ನೋಡಿ. ಅರ್ಧ ಗಂಟೆಯಷ್ಟು ಉದ್ದದ ಒಂದೇ ಕೃತಿಯಾಗಿ ಅವರು ಅದರ ಬಹುಭಾಗವನ್ನು ಮೊದಲು ಕಟ್ಟಿದ್ದರು. 1972ರ ‘ಸಪ್ಪರ್ಸ್ ರೆಡಿ’ಗೆ ಹೋಲಿಸುತ್ತಾರೆ ಎಂಬ ಅಳುಕಿನಿಂದ ಅದನ್ನು ಬಿಡಿಸಿ, ಹಾಡು ಹಾಡಾಗಿ ಆಲ್ಬಮ್ಮಿನ ತುಂಬ ಹಂಚಿದರು. ಆ ದೀರ್ಘಕೃತಿಯಲ್ಲಿ ಎರಡು ಭಾಗಗಳನ್ನು ಜೋಡಿಸುವ ಕೊಂಡಿಯಷ್ಟೇ ಆಗಿದ್ದ ಒಂದು ತುಣುಕನ್ನು ಮರುಕಳಿಸಿ ಬೆಳೆಸಿದಾಗ ‘ಟರ್ನ್ ಇಟ್ ಆನ್ ಅಗೇನ್’ ಹುಟ್ಟಿತು. ಬ್ರಿಟನ್ನಿನಲ್ಲಿ ಎಂಟನೆಯ ಸ್ಥಾನಕ್ಕೆ ಏರಿದ ಹಿಟ್ ಹಾಡು. ತಾಳ ಹದಿಮೂರು ಎಣಿಕೆಯದು. ಕುಣಿಯಲು ಹೋದವರು ಹೆಜ್ಜೆ ತಪ್ಪಿ ಎಡವುತ್ತಾರೆ, ಗುನುಗುವವರು ಎಡವುವುದಿಲ್ಲ. ಹೊರಗೆ ಹೋದ ಗೇಬ್ರಿಯಲ್ ಕೂಡ 1977ರಲ್ಲಿ ತನ್ನ ಮೊದಲ ಸ್ವತಂತ್ರ ಹಾಡು ‘ಸಾಲ್ಸ್‌ಬರಿ ಹಿಲ್’ ಅನ್ನು ಏಳು ಎಣಿಕೆಯಲ್ಲಿ ಬರೆದರು. ಅಡಿಯಲ್ಲಿ ಡ್ರಮ್ ಸಮನಾಗಿ ಬಡಿಯುತ್ತಲೇ ಇರುವುದರಿಂದ ಕೇಳುವವನಿಗೆ ಕೊರತೆಯಾದ ಒಂದು ಎಣಿಕೆ ಮುನ್ನುಗ್ಗುವ ಆತುರದಂತೆ ಭಾಸವಾಗುತ್ತದೆಯೇ ಹೊರತು ಲೆಕ್ಕದಂತೆ ಅಲ್ಲ. ಪದಗಳು ಹೇಳುವುದೂ ಹಳೆಯದನ್ನು ಬಿಟ್ಟು ಹೊರಡುವ ಮನಸ್ಸಿನ ಕಥೆಯನ್ನೇ. ತಾಳದ ವಿಚಿತ್ರ ಇಲ್ಲಿ ಅರ್ಥದ ಕೆಲಸ ಮಾಡುತ್ತಿದೆ.

ಏಳರ ಎಣಿಕೆಯ ಬಗ್ಗೆ ಇನ್ನೊಂದು ಮಾತು. ಪಾಶ್ಚಾತ್ಯ ರಾಕ್ ಬರಹಗಳಲ್ಲಿ ಏಳನ್ನು ‘ಬೆಸ’ ಎಂದು ಕರೆದು ಅದಕ್ಕೊಂದು ಪ್ರಭಾವಳಿ ಕಟ್ಟುವ ಅಭ್ಯಾಸವಿದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ, ಮಿಶ್ರಚಾಪು ತಾಳದ ದೇವರನಾಮಕ್ಕೆ ತೊಡೆ ತಟ್ಟಿದ ಕನ್ನಡದ ಕಿವಿಗೆ ಏಳು ಎಂಬುದು ಮನೆಯ ಲಯ. ಅದರಲ್ಲಿ ಹೆದರಿಸುವಂಥದ್ದಾಗಲೀ ಮೆರೆಸುವಂಥದ್ದಾಗಲೀ ಇಲ್ಲ. ಹಾಗಾಗಿ ಒಂದು ಕೃತಿ ‘ಮುಂದುವರಿದದ್ದು’ ಎಂದು ಸಾಬೀತುಪಡಿಸಲು ಎಣಿಕೆಯನ್ನು ಸಾಕ್ಷಿಗೆ ಕರೆದರೆ ನಾವು ನಗಬಹುದು. ಗದುಗಿನ ಭಾರತ ದೊಡ್ಡದಾದದ್ದು ಹದಿನಾಲ್ಕು ಮಾತ್ರೆಯ ಸಾಲಿನಿಂದಲ್ಲ, ಆ ಸಾಲಿನಲ್ಲಿ ಏನು ನಡೆಯಿತು ಎಂಬುದರಿಂದ. ಬೆಂಗಳೂರಿನ ಅಗಮ್ ಬ್ಯಾಂಡ್ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರಾಗ್ರೆಸಿವ್ ರಾಕ್ ಜೊತೆ ಬೆಸೆದಾಗಲೂ ಬುಡದಲ್ಲಿ ಇಟ್ಟುಕೊಂಡದ್ದು ಪಲ್ಲವಿ, ಅನುಪಲ್ಲವಿ, ಚರಣಗಳಿರುವ ಹಾಡನ್ನೇ. ವಾದ್ಯಗಳ ಅಬ್ಬರ ಎಷ್ಟು ಏರಿದರೂ ಕೇಳುಗ ಮರಳಿ ಬರಲು ಅಲ್ಲೊಂದು ಪಲ್ಲವಿ ಇರುತ್ತದೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ದುಡ್ಡಿನದು. ಚಿಕ್ಕ ಹಾಡು ಹೆಚ್ಚು ಮಾರಾಟವಾಗುತ್ತದೆ. ಆದ್ದರಿಂದ ಚಿಕ್ಕ ಹಾಡು ಬರೆದವನ ಉದ್ದೇಶ ಮಾರಾಟವೇ. ಇದಕ್ಕೆ ಉದಾಹರಣೆಗಳೂ ಇವೆ, ಮುಚ್ಚಿಡುವುದು ಬೇಡ. ಯೆಸ್, ಕಿಂಗ್ ಕ್ರಿಮ್ಸನ್, ಎಮರ್ಸನ್ ಲೇಕ್ ಅಂಡ್ ಪಾಮರ್ ಗುಂಪುಗಳಿಂದ ಬಂದ ನಾಲ್ವರು ಸೇರಿ ಕಟ್ಟಿದ ‘ಏಷ್ಯಾ’ ಎಂಬ ಗುಂಪಿನ ಮೊದಲ ಆಲ್ಬಂ 1982ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ನಾಲ್ವರ ಕೈಚಳಕಕ್ಕೆ ಹೋಲಿಸಿದರೆ ಅದರ ಬಹುತೇಕ ಹಾಡುಗಳು ತೆಳು. ಇಂಥದ್ದು ಆಗುತ್ತದೆ. ಆದರೆ ತೆಳುವಾದ ಚಿಕ್ಕ ಹಾಡು ಇದೆ ಎನ್ನುವುದು ಚಿಕ್ಕ ಹಾಡಿನ ಮೇಲಿನ ತೀರ್ಪಾದರೆ, ತುಂಬಿಸಿ ಹಿಗ್ಗಿಸಿದ ನಾಲ್ಕು ಬದಿಯ ಕೃತಿ ಇದೆ ಎನ್ನುವುದು ದೀರ್ಘಕೃತಿಯ ಮೇಲಿನ ತೀರ್ಪಾಗಬೇಕಲ್ಲ! ದುಡ್ಡಿನ ವಾದಕ್ಕೆ ಚರಿತ್ರೆಯೂ ಅಡ್ಡ ಬರುತ್ತದೆ. ಎಪ್ಪತ್ತರ ಮೊದಲರ್ಧದಲ್ಲಿ ದೀರ್ಘಕೃತಿಯೇ ಮಾರಾಟದ ಸರಕಾಗಿತ್ತು, ಅದನ್ನು ಮಾಡಿದವರು ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದರು. ಪಂಕ್ ರಾಕ್ ಬಂದು ಇವರನ್ನೆಲ್ಲ ಹೆದರಿಸಿ ಹಾಡು ಚಿಕ್ಕದು ಮಾಡಿಸಿತು ಎಂಬ ಕಥೆಯೂ ಅಷ್ಟು ನೇರವಲ್ಲ. ಪಂಕ್ ಬೊಬ್ಬೆಯ ನಡುವೆಯೇ, 1977ರಲ್ಲಿ, ಫ್ಲಾಯ್ಡ್ ಮೂರು ದೀರ್ಘಕೃತಿಗಳ ‘ಅನಿಮಲ್ಸ್’ ಹೊರತಂದಿತು. ಯೆಸ್ ಗುಂಪಿನ ಆಲ್ಬಂ ಅದೇ ವರ್ಷ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಉದ್ದಕ್ಕೂ ವ್ಯಾಪಾರಕ್ಕೂ ನಂಟಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡೂ ಅಳತೆಗೂ ಅದರದರ ವ್ಯಾಪಾರ ಇತ್ತು ಎಂದಷ್ಟೇ ಹೇಳುತ್ತಿದ್ದೇನೆ. ಉದ್ದವೇ ಗಾಂಭೀರ್ಯ ಎನ್ನುವವರು ಇನ್ನೊಂದು ದಾಖಲೆಯನ್ನೂ ನೋಡಬೇಕು. ಬಾಲ್ಯದಲ್ಲಿ ತನ್ನ ಕಿವಿ ತೆರೆಸಿದ ತಟ್ಟೆಗಳೆಂದು ವಿಲ್ಸನ್ ಮತ್ತೆ ಮತ್ತೆ ಹೇಳುವುದು ಎರಡನ್ನು: ತಂದೆ ಕೇಳುತ್ತಿದ್ದ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, ತಾಯಿ ಕೇಳುತ್ತಿದ್ದ ಡೋನಾ ಸಮರ್‌ರ ‘ಲವ್ ಟು ಲವ್ ಯು ಬೇಬಿ’. ಇವೆರಡರಲ್ಲಿ ಒಂದೇ ಹಾಡಿನಿಂದ ತಟ್ಟೆಯ ಒಂದು ಇಡೀ ಬದಿಯನ್ನು, ಸುಮಾರು ಹದಿನೇಳು ನಿಮಿಷ, ಆವರಿಸಿದ್ದು ಎರಡನೆಯದು. ಅದು ಡಿಸ್ಕೋ!

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ದೀರ್ಘಕೃತಿ ಮಾಡುವ ಕೆಲವು ಕೆಲಸಗಳನ್ನು ಹಾಡು ಮಾಡಲಾರದು. ‘ಸಪ್ಪರ್ಸ್ ರೆಡಿ’ಯ ಆರಂಭದಲ್ಲಿ ಮೆಲ್ಲಗೆ ಬಂದು ಹೋದ ರಾಗವೊಂದು ಇಪ್ಪತ್ತು ನಿಮಿಷದ ಅಲೆದಾಟದ ಬಳಿಕ ಘಂಟಾನಾದದಂತೆ ಮರಳುತ್ತದಲ್ಲ, ಆ ಮರಳುವಿಕೆಗೆ ಅಷ್ಟೂ ನಿಮಿಷಗಳ ಅಲೆದಾಟ ಬೇಕು. ‘ಎಕೋಸ್’ನ ನಡುವೆ ಬರುವ ಕತ್ತಲೆಗೂ ಅದರದೇ ಕಾಲಾವಕಾಶ ಬೇಕು. ಕಳೆದುಹೋದ ಭಾವ ಹುಟ್ಟಬೇಕಾದರೆ ಕಳೆದುಹೋಗುವಷ್ಟು ಜಾಗ ಇರಬೇಕು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ಹೊರಡುವ ತೀರ್ಮಾನ ಏನು? ಎರಡು ರೂಪಗಳಿಗೆ ಎರಡು ಕೆಲಸಗಳಿವೆ ಎಂದು. ಒಂದು ಇನ್ನೊಂದರ ಪತನ ಎಂದಲ್ಲ. ಇದನ್ನು ಕೇಟ್ ಬುಷ್‌ಗಿಂತ ಚೆನ್ನಾಗಿ ತೋರಿಸಿದವರಿಲ್ಲ. ಅವರ 1985ರ ‘ಹೌಂಡ್ಸ್ ಆಫ್ ಲವ್’ ಆಲ್ಬಮ್ಮಿನ ಒಂದು ಬದಿಯಲ್ಲಿ ಐದು ಬಿಡಿ ಹಾಡುಗಳು, ಇನ್ನೊಂದು ಬದಿಯಲ್ಲಿ ರಾತ್ರಿ ನೀರಿನಲ್ಲಿ ತೇಲುತ್ತಿರುವ ಹೆಣ್ಣೊಬ್ಬಳ ಕುರಿತ ಏಳು ಭಾಗಗಳ ಅಖಂಡ ಕೃತಿ. ಒಬ್ಬಳೇ ಕಲಾವಿದೆ, ಒಂದೇ ಕಾಲ, ಒಂದೇ ತಟ್ಟೆ. ಬಿಡಿ ಹಾಡುಗಳ ಬದಿಯಿಂದ ಎದ್ದುಬಂದ ‘ರನ್ನಿಂಗ್ ಅಪ್ ದಟ್ ಹಿಲ್’ ಒಂದು ದೂರದರ್ಶನ ಸರಣಿಯ ನೆಪದಿಂದ 2022ರಲ್ಲಿ, ಅಂದರೆ ಮೂವತ್ತೇಳು ವರ್ಷದ ನಂತರ, ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಬಿಡದೆ ನಿಂತಿರುವ ಆಧಾರ ಸ್ವರ, ಗುಡುಗುವ ಡ್ರಮ್ಸ್, ಯಂತ್ರದಲ್ಲಿ ತಿರುಚಿದ ಕಂಠ, ಇವೆಲ್ಲ ಯಾವ ದೀರ್ಘಕೃತಿಯ ಪ್ರಯೋಗಕ್ಕೂ ಕಡಿಮೆಯಲ್ಲ. ಹೊಸ ಪೀಳಿಗೆಯ ಮಕ್ಕಳಿಗೆ ಅದು ಪ್ರಯೋಗ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ವಿಲ್ಸನ್ ‘ಟು ದ ಬೋನ್’ ಮಾಡುವಾಗ ತನ್ನ ಮಾದರಿಗಳೆಂದು ಹೆಸರಿಸಿದ್ದು ಇಂಥ ಆಲ್ಬಂಗಳನ್ನೇ: ಕೇಟ್ ಬುಷ್‌ರ ಈ ಕೃತಿ, ಗೇಬ್ರಿಯಲ್‌ರ ‘ಸೋ’, ಟಾಕ್ ಟಾಕ್ ಗುಂಪಿನ ‘ದ ಕಲರ್ ಆಫ್ ಸ್ಪ್ರಿಂಗ್’, ಟಿಯರ್ಸ್ ಫಾರ್ ಫಿಯರ್ಸ್ ಗುಂಪಿನ ‘ದ ಸೀಡ್ಸ್ ಆಫ್ ಲವ್’. ಮೇಲ್ನೋಟಕ್ಕೆ ಪಾಪ್, ಒಳಗೆ ಇಳಿದರೆ ಅಂತಸ್ತಿನ ಮೇಲೆ ಅಂತಸ್ತು. ಈ ಆಯ್ಕೆಯನ್ನು ಅಜ್ಞಾನ ಎನ್ನುವಂತಿಲ್ಲ, ಏಕೆಂದರೆ ದೀರ್ಘಕೃತಿಗಳ ಒಳಮನೆಯನ್ನು ಇವರಷ್ಟು ಹತ್ತಿರದಿಂದ ಕಂಡವರು ಇಂದು ಹೆಚ್ಚು ಜನ ಇಲ್ಲ. ಕಿಂಗ್ ಕ್ರಿಮ್ಸನ್, ಜೆಥ್ರೊ ಟಲ್, ಯೆಸ್, ಜೆಂಟಲ್ ಜೈಂಟ್ ಗುಂಪುಗಳ ಹಳೆಯ ಮೂಲ ಟೇಪುಗಳನ್ನು ತರಿಸಿಕೊಂಡು, ಒಂದೊಂದು ವಾದ್ಯದ ಒಂದೊಂದು ಪದರವನ್ನೂ ಬೇರೆಯಾಗಿ ಆಲಿಸಿ, ಮತ್ತೆ ಹೊಸದಾಗಿ ಹದವಾಗಿ ಬೆರೆಸುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದ್ದಾರೆ. ವೇಕ್‌ಮನ್ ಬೇಸತ್ತ ಆ ನಾಲ್ಕು ಬದಿಯ ಕೃತಿಯೂ ಅವರ ಕೈಯಲ್ಲಿ ಹಾದುಹೋಗಿದೆ. ತಮ್ಮ ಪೋರ್ಕ್ಯುಪೈನ್ ಟ್ರೀ ಗುಂಪಿಗೆ 2009ರಲ್ಲಿ ಐವತ್ತೈದು ನಿಮಿಷಗಳ ಹಾಡುಮಾಲೆ ಬರೆದವರೂ ಇವರೇ. ಉದ್ದ ಕೈಗೆಟುಕದೆ ಗಿಡ್ಡವನ್ನು ಹೊಗಳುವ ನರಿಯ ಕಥೆ ಇಲ್ಲಿ ಸಲ್ಲದು. ಅಬ್ದುಲ್ ಕರೀಂ ಖಾನರ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ: ಬಿಡಬೇಕಾದ್ದು ಯಾವುದು ಎಂದು ತಿಳಿಯಬೇಕಾದರೆ ಎಲ್ಲವೂ ಕೈಯಲ್ಲಿರಬೇಕು.

ಬಿಟ್ಟದ್ದು ಏನು ಎಂಬುದನ್ನು ‘ಟು ದ ಬೋನ್’ ಆಲ್ಬಮ್ಮಿನಲ್ಲೇ ಕೇಳಬಹುದು. ಹಿಂದಿನ ಎರಡು ಆಲ್ಬಂಗಳಲ್ಲಿ ಮಿಂಚಿನ ವೇಗದ ಗಿಟಾರ್ ಸೋಲೋಗಳಿಗೆ ಗಥ್ರೀ ಗೋವನ್ ಎಂಬ ಮಹಾಚತುರ ಇದ್ದರು. ಈ ಸಲ ಹೆಚ್ಚಿನ ಗಿಟಾರ್ ಭಾಗಗಳನ್ನು ವಿಲ್ಸನ್ನೇ ನುಡಿಸಿದರು. ಬೆರಳಿನ ವೇಗ ಕಡಿಮೆ, ಆದರೆ ಒಂದೊಂದು ಸ್ವರವೂ ಹಾಡಿನ ಮಾತಿಗೆ ಅಂಟಿಕೊಂಡಿದೆ. ಶೀರ್ಷಿಕೆ ಗೀತೆಗೆ ಪದ ಬರೆಯಲು ಎಕ್ಸ್‌ಟಿಸಿ ಗುಂಪಿನ ಆಂಡಿ ಪಾರ್ಟ್ರಿಜ್ ಅವರನ್ನು ಕರೆದರು. ವಿಸ್ತಾರಕ್ಕೆ ಜಾಗ ಕಡಿಮೆಯಾದಾಗ ಪದದ ಮೇಲೆ ಭಾರ ಹೆಚ್ಚುತ್ತದೆ, ಅದಕ್ಕೆ ಪಳಗಿದ ಪದಕಾರ ಬೇಕು. ‘ಪರಾಯ’ ಎಂಬ ಹಾಡು ಇನ್ನೂ ಒಳ್ಳೆಯ ಉದಾಹರಣೆ. ದಣಿದ ಗಂಡಿನ ಸಣ್ಣ ದನಿ ಸೋಲನ್ನು ಒಪ್ಪಿಕೊಳ್ಳುತ್ತದೆ, ಇಸ್ರೇಲಿನ ಗಾಯಕಿ ನಿನೆಟ್ ತಯೇಬ್ ಅವರ ದನಿ ಉತ್ತರ ಕೊಡುತ್ತದೆ, ನಂತರ ಗಿಟಾರ್‌ಗಳ ಗೋಡೆಯೊಂದು ಎದ್ದು ಇಬ್ಬರನ್ನೂ ಆವರಿಸುತ್ತದೆ. ಹಿಂದಿನ ಪದ್ಧತಿಯಲ್ಲಿ ಇದೇ ಏರಿಕೆಗೆ ಹತ್ತು ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಇಲ್ಲಿ ಐದು ನಿಮಿಷವೂ ಬೇಕಾಗಿಲ್ಲ, ಏಕೆಂದರೆ ವಾದ್ಯಗಳು ಹೊರಬೇಕಾದ ನಾಟಕವನ್ನು ಎರಡು ಕಂಠಗಳು ಹೊತ್ತಿವೆ. ಎರಡು ವರ್ಷ ಮೊದಲಿನ ವಿಲ್ಸನ್‌ರ ‘ಹ್ಯಾಂಡ್ ಕೆನಾಟ್ ಇರೇಸ್’ ಲಂಡನ್ನಿನ ಮನೆಯೊಂದರಲ್ಲಿ ಸತ್ತು ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೇ ಉಳಿದ ಮಹಿಳೆಯೊಬ್ಬಳ ನಿಜಘಟನೆಯಿಂದ ಪ್ರೇರಿತವಾದ ಕಥನ. ಅಲ್ಲಿ ಹದಿಮೂರು ನಿಮಿಷದ ಕೃತಿಯೂ ಇದೆ, ಚಿಕ್ಕ ಶೀರ್ಷಿಕೆ ಗೀತೆಯೂ ಇದೆ. ಕೇಳುಗರ ಮನಸ್ಸಿನಲ್ಲಿ ಆ ಹೆಣ್ಣು ಮನುಷ್ಯಳಾಗಿ ನಿಲ್ಲುವುದು ಹಾಡಿದ ಸಾಲುಗಳಿಂದ ಎಂದೇ ನನ್ನ ಅನಿಸಿಕೆ.

ಮೂರನೆಯ ಆಕ್ಷೇಪಣೆ ಈ ಕಾಲದ್ದು. ಸ್ಪಾಟಿಫೈನಂಥ ವೇದಿಕೆಗಳಲ್ಲಿ ಹಾಡನ್ನು ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಎರಡು ನಿಮಿಷದ ಹಾಡಿಗೂ ಇಪ್ಪತ್ತು ನಿಮಿಷದ ಕೃತಿಗೂ ಅಷ್ಟೇ. ಚಿಕ್ಕದ್ದನ್ನು ಪೋಷಿಸಿ ದೊಡ್ಡದ್ದನ್ನು ಸೊರಗಿಸುವ ಇಂಥ ವ್ಯವಸ್ಥೆಯಲ್ಲಿ ಪ್ರಾಗ್ರೆಸಿವ್ ರಾಕ್ ಕೂಡ ಹಾಡಿನತ್ತ ಹೊರಳಿದರೆ ಪ್ರತಿರೋಧದ ಕೊನೆಯ ಗೂಡೂ ಹೋದಂತಲ್ಲವೇ? ಆತಂಕ ನ್ಯಾಯವಾದದ್ದು. ಇದಕ್ಕೆ ಉತ್ತರವಾಗಿ ‘ಟು ದ ಬೋನ್’ ಆಲ್ಬಮ್ಮಿನ ಅಳತೆಯನ್ನೇ ನೋಡಬಹುದು: ಹನ್ನೊಂದು ಹಾಡು, ಒಟ್ಟು ಸುಮಾರು ಒಂದು ಗಂಟೆ. ಅಂದರೆ ಸರಾಸರಿ ಐದು ನಿಮಿಷ ದಾಟುತ್ತದೆ. ಒಂದು ಹಾಡಂತೂ ಒಂಬತ್ತು ನಿಮಿಷ. ಮೂವತ್ತನೆಯ ಸೆಕೆಂಡಿಗೆ ಗಾಳ ಹಾಕುವ ಲೆಕ್ಕಾಚಾರದವರು ಹೀಗೆ ಮಾಡುವುದಿಲ್ಲ. ಹಾಡನ್ನು ಕೇಂದ್ರದಲ್ಲಿ ಇಡುವುದೆಂದರೆ ಗಡಿಯಾರ ನೋಡುವುದಲ್ಲ. ಯಾವ ಭಾಗ ಬಂದರೂ ಅದು ಹಾಡಿನ ಭಾವಕ್ಕೆ ಲೆಕ್ಕ ಒಪ್ಪಿಸಬೇಕು ಎಂದು ನಿಯಮ ಹಾಕಿಕೊಳ್ಳುವುದು. ಆ ನಿಯಮದಲ್ಲಿ ಒಂದು ಹಾಡು ಮೂರೂವರೆಗೆ ಮುಗಿಯಬಹುದು, ಇನ್ನೊಂದು ಒಂಬತ್ತಕ್ಕೆ ಹೋಗಬಹುದು. ಉದ್ದದ ಅಭಿಮಾನಿಗಳೂ ವೇದಿಕೆಗಳ ಲೆಕ್ಕಿಗರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ ಎಂದು ನನಗೆ ತೋರುತ್ತದೆ. ಇಬ್ಬರಿಗೂ ನಿಮಿಷವೇ ಮುಖ್ಯ.

ಹಾಗಾದರೆ ಇಂಥ ಆಲ್ಬಮ್ಮನ್ನು ‘ಪ್ರಾಗ್’ ಎಂದೇಕೆ ಕರೆಯಬೇಕು, ಪಾಪ್ ಎಂದುಬಿಡಬಹುದಲ್ಲ ಎಂದು ಕೇಳಬಹುದು. ಕರೆಯಲೇಬೇಕೆಂಬ ಹಟ ನನಗಿಲ್ಲ, ವಿಲ್ಸನ್‌ಗೂ ಆ ಹಣೆಪಟ್ಟಿಯ ಮೇಲೆ ದೊಡ್ಡ ಮೋಹ ಇದ್ದಂತಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಬಂದ ಅವರ ‘ದಿ ಓವರ್‌ವ್ಯೂ’ ಆಲ್ಬಂ ಈ ಪ್ರಶ್ನೆಯನ್ನು ತಮಾಷೆಯ ಜಾಗಕ್ಕೆ ತಂದು ನಿಲ್ಲಿಸಿದೆ. ಬಾಹ್ಯಾಕಾಶದಿಂದ ಭೂಮಿಯನ್ನು ಕಂಡ ಗಗನಯಾತ್ರಿಗಳ ಅನುಭವದ ಸುತ್ತ ಕಟ್ಟಿದ ಈ ಆಲ್ಬಮ್ಮಿನಲ್ಲಿ ಇರುವುದು ಎರಡೇ ಕೃತಿ, ಒಂದು ಇಪ್ಪತ್ಮೂರು ನಿಮಿಷದ್ದು, ಇನ್ನೊಂದು ಹದಿನೆಂಟರದು. ಹಳೆಯ ಎಲ್‌ಪಿಯ ಎರಡು ಬದಿಗೆ ಹೇಳಿ ಮಾಡಿಸಿದ ಅಳತೆ. ದಾರಿ ತಪ್ಪಿದ ಮಗ ಮನೆಗೆ ಬಂದ ಎಂದು ಮುನಿದವರೆಲ್ಲ ಹಿಗ್ಗಿದರು. ಆದರೆ ಮೊದಲ ಕೃತಿಯ ಒಳಗೆ ಒಂದು ಭಾಗಕ್ಕೆ ಪದ ಬರೆದವರು ಮತ್ತದೇ ಆಂಡಿ ಪಾರ್ಟ್ರಿಜ್. ನಿತ್ಯದ ಪುಟ್ಟ ಬದುಕುಗಳನ್ನೂ ಬ್ರಹ್ಮಾಂಡದ ಘಟನೆಗಳನ್ನೂ ಅಕ್ಕಪಕ್ಕ ಇಟ್ಟು ಹೇಳುವ ಆ ಭಾಗಕ್ಕೆ ರಾಗವಿದೆ, ಪಾತ್ರಗಳಿವೆ, ನಾಲಗೆಯ ಮೇಲೆ ನಿಲ್ಲುವ ಸಾಲುಗಳಿವೆ. ಇಡೀ ಆಲ್ಬಮ್ಮಿನಲ್ಲಿ ಜನ ಮೊದಲು ಕಲಿತು ಗುನುಗುವಂಥದ್ದು ಅದೇ. ಅದು ಆ ದೀರ್ಘಕೃತಿಯ ಭಾಗವಾಗಿರದೆ ಬರೀ ಬಿಡಿ ಹಾಡಾಗಿ ಬಂದಿದ್ದರೆ ಈಗ ಹಿಗ್ಗಿದವರಲ್ಲಿ ಎಷ್ಟು ಮಂದಿ ಮತ್ತೊಮ್ಮೆ ಪಾಪ್ ಎಂದು ಮೂಗು ಮುರಿಯುತ್ತಿದ್ದರೋ.